ತೆವ್ಯೆ ಯಾರಿಗೆ ಕಥೆ ಹೇಳುತ್ತಿದ್ದ?

ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂವನ್ನು ಹನ್ನೆರಡನೆಯ ಬೀದಿ ಕೂಡುವ ಮೂಲೆಯಲ್ಲಿ ಒಂದು ಹಳೆಯ ಸಿನಿಮಾ ಮಂದಿರವಿದೆ. ಯಾವ ಚಿತ್ರ ಓಡುತ್ತಿದೆ ಎಂದೂ ಕೇಳದೆ, ಬಾಲ್ಕನಿಯಿರುವ ದೊಡ್ಡ ಸಭಾಂಗಣದ ಟಿಕೆಟ್ಟೇ ಬೇಕು ಎಂದೆ. ಕೌಂಟರಿನ ಹುಡುಗ ನನ್ನಂಥವರನ್ನು ಬೇಕಾದಷ್ಟು ಕಂಡಿರಬೇಕು. "ಚಾವಣಿಗೋ?" ಎಂದು ನಕ್ಕು ಟಿಕೆಟ್ ಕೊಟ್ಟ.

ಒಳಗೆ ಹೋಗಿ ಕುರ್ಚಿಗೆ ಒರಗಿ ತಲೆಯೆತ್ತಿದೆ. ಕೆತ್ತನೆಯ ಮೇಲೆ ಕೆತ್ತನೆ, ಹೊನ್ನಿನ ಬಣ್ಣ, ನಡುವೆ ದುಂಡನೆಯ ಗುಮ್ಮಟ, ಅದರೊಳಗೆ ಆರು ಮೂಲೆಯ ನಕ್ಷತ್ರ, ನಕ್ಷತ್ರದ ಹೊಕ್ಕುಳಿನಿಂದ ಇಳಿಬಿದ್ದ ದೀಪಗುಚ್ಛ. 1926ರಲ್ಲಿ ಇದನ್ನು ಕಟ್ಟಿದ್ದು ಸಿನಿಮಾಕ್ಕಲ್ಲ, ಮಾರಿಸ್ ಶ್ವಾರ್ಟ್ಸ್ ಎಂಬ ನಟ-ನಿರ್ದೇಶಕನ ಯಿಡ್ಡಿಷ್ ಆರ್ಟ್ ಥಿಯೇಟರಿಗೆ, ಯೆಹೂದಿಗಳ ಯಿಡ್ಡಿಷ್ ಭಾಷೆಯ ನಾಟಕಗಳಿಗೆ. ಪರದೆಯ ಮೇಲೆ ಕಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದವು. ನಾನು ಮಾತ್ರ ಬಾಯಿ ತೆರೆದುಕೊಂಡು ಮೇಲೆ ನೋಡುತ್ತ, 1932ರ ಹೇಮಂತದಲ್ಲಿ ಇಲ್ಲಿ ಕೂತಿದ್ದವರನ್ನು ಊಹಿಸಿಕೊಳ್ಳುತ್ತಿದ್ದೆ. ಐ. ಜೆ. ಸಿಂಗರನ 'ಯೋಶೆ ಕಾಲ್ಬ್' ಎಂಬ ಕಾದಂಬರಿ ಆ ವರ್ಷವೇ 'ಫೋರ್‌ವರ್ಟ್ಸ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ಅದೇ ವರ್ಷ ಶ್ವಾರ್ಟ್ಸ್ ಅದನ್ನು ರಂಗಕ್ಕೆ ತಂದ. ಹೊಲಿಗೆ ಕಾರ್ಖಾನೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಕಾದಂಬರಿಯ ಕಂತು ಓದಿದವರು, ಕೆಲವೇ ತಿಂಗಳಲ್ಲಿ ಅದೇ ಪಾತ್ರಗಳು ಈ ನಕ್ಷತ್ರದ ಕೆಳಗೆ ನಡೆದಾಡುವುದನ್ನು ನೋಡಿದರು. ಕಾದಂಬರಿ ನಾಟಕವಾಗುವುದಕ್ಕೆ ಇಷ್ಟು ಬಿಸಿಬಿಸಿ ಓದುಗರು ಸಿಗುವುದು ಯಾವ ಭಾಷೆಯ ಪುಣ್ಯವೋ!

ಹೊರಗೆ ಬಂದು ಎರಡು ಬೀದಿ ಕೆಳಕ್ಕೆ ನಡೆದರೆ ಹತ್ತನೆಯ ಬೀದಿಯ ಮೂಲೆ. ಒಂದು ಕಾಲಕ್ಕೆ ಪ್ರಸಿದ್ಧ ಹೋಟೆಲಿದ್ದ ಕಟ್ಟಡದಲ್ಲಿ ಈಗ ಬ್ಯಾಂಕಿದೆ. ಅದರ ಮುಂದಿನ ಕಾಲುದಾರಿಯಲ್ಲಿ ಯಿಡ್ಡಿಷ್ ರಂಗಭೂಮಿಯ ನಟನಟಿಯರ ಹೆಸರು ಕೊರೆದ ನಕ್ಷತ್ರಗಳನ್ನು ಹುಗಿದಿದ್ದಾರೆ. ಮಾಲಿ ಪಿಕನ್, ಫೈವುಶ್ ಫಿಂಕೆಲ್... ಕೆಲವು ಹೆಸರು ಸವೆದುಹೋಗಿವೆ, ಕೆಲವು ಬಿರುಕುಬಿಟ್ಟಿವೆ. ಎಟಿಎಂಗೆ ಬಂದವರು ಅದರ ಮೇಲೆಯೇ ನಿಂತು ಪರ್ಸು ತೆಗೆಯುತ್ತಾರೆ. ನಾನೊಬ್ಬ ಹೆಸರು ತುಳಿಯದ ಹಾಗೆ ಕಾಲು ಎತ್ತಿಟ್ಟು ನಡೆಯುತ್ತಿದ್ದುದನ್ನು ಕಂಡು ಒಬ್ಬಾಕೆ ನನಗೆ ಕಾಲುನೋವೇನೋ ಎಂದು ದಾರಿ ಬಿಟ್ಟುಕೊಟ್ಟಳು.

ಅದು 2018ರ ಅಕ್ಟೋಬರ್. ನಾನು ಈ ಊರಿಗೆ ಬಂದದ್ದು ಬೇರೆ ಕೆಲಸಕ್ಕೆ. ಆದರೆ ನ್ಯೂಜೆರ್ಸಿಯ ಗೆಳೆಯನೊಬ್ಬ, "ಫಿಡ್ಲರ್ ಆನ್ ದ ರೂಫ್ ಯಿಡ್ಡಿಷಿನಲ್ಲಿ ನಡೆಯುತ್ತಿದೆ, ಟಿಕೆಟ್ ಸಿಗುವುದು ಕಷ್ಟ, ಹೇಗೋ ಒಂದು ಗಿಟ್ಟಿಸಿದ್ದೇನೆ" ಎಂದ. ಅವನ ಹೆಂಡತಿ, "ಒಂದಕ್ಷರ ಅರ್ಥವಾಗದ ಭಾಷೆಯಲ್ಲಿ ಮೂರು ಗಂಟೆ ಏನು ಮಾಡ್ತೀರಿ?" ಎಂದು ಕೇಳಿದರು. ಉತ್ತರ ನನಗೂ ಗೊತ್ತಿರಲಿಲ್ಲ. ಅಲ್ಲಿಂದ ನನ್ನ ಸುತ್ತಾಟ ಶುರುವಾಯಿತು. ನಾಟಕದ ದಿನ ಬರುವ ತನಕ ಕೈಗೆ ಸಿಕ್ಕ ಬಿಡುವಿನಲ್ಲೆಲ್ಲ ಅದರ ನಾಯಕ ತೆವ್ಯೆಯ ಜಾಡು ಹಿಡಿದು ಈ ಊರಿನಲ್ಲಿ ಅಲೆದೆ.

ತೆವ್ಯೆ ಹಾಲು ಮಾರುವವನು. ಹಾಲು, ಬೆಣ್ಣೆ, ಚೀಸ್ ಗಾಡಿಗೆ ಹೇರಿಕೊಂಡು ಕೀವ್ ನಗರದ ಬಳಿಯ ಬೇಸಗೆ ಬಂಗಲೆಗಳಿಗೆ ಕೊಟ್ಟು ಬರುವ ಬಡ ಯೆಹೂದಿ. ಯಿಡ್ಡಿಷ್ ಲೇಖಕ ಶೋಲೆಮ್ ಅಲೈಖೆಮ್ ಅವನ ಮೊದಲ ಕಥೆ ಬರೆದದ್ದು 1894ರಲ್ಲಿ, ಕೊನೆಯದು 1914ರ ಸುಮಾರಿಗೆ. ಇಪ್ಪತ್ತು ವರ್ಷ ಬಿಟ್ಟುಬಿಟ್ಟು ಬರೆದದ್ದು ಒಟ್ಟಾಗಿ ಕಾದಂಬರಿಯಾಯಿತು. ಲೇಖಕನಿಗೆ ವಯಸ್ಸಾದಂತೆ ತೆವ್ಯೆಗೂ ವಯಸ್ಸಾಗುತ್ತದೆ, ಹೆಣ್ಣುಮಕ್ಕಳು ಬೆಳೆಯುತ್ತಾರೆ, ಒಬ್ಬೊಬ್ಬಳೂ ಒಂದೊಂದು ರೀತಿಯಲ್ಲಿ ಅಪ್ಪನ ಲೋಕವನ್ನು ಮುರಿದು ಹೊರಡುತ್ತಾಳೆ. ಹಿರಿಯಳು ಶ್ರೀಮಂತ ಕಟುಕನನ್ನು ಬಿಟ್ಟು ಬಡ ದರ್ಜಿಯನ್ನು ಮದುವೆಯಾದರೆ, ಎರಡನೆಯವಳು ಕ್ರಾಂತಿಕಾರಿಯ ಹಿಂದೆ ಗಡೀಪಾರಿನ ನಾಡಿಗೆ ಹೋಗುತ್ತಾಳೆ. ಮೂರನೆಯ ಖಾವಾ ಕ್ರೈಸ್ತ ಹುಡುಗನನ್ನು ಮದುವೆಯಾಗುತ್ತಾಳೆ. ಆಮೇಲಿನ ಶ್ಪ್ರಿಂಟ್ಸೆ ಶ್ರೀಮಂತರ ಮನೆಯ ಹುಡುಗನಿಂದ ಕೈಬಿಡಲ್ಪಟ್ಟು ನೀರಿಗೆ ಬೀಳುತ್ತಾಳೆ. ಅಪ್ಪನ ಸಲುವಾಗಿ ಹಣವಂತನನ್ನು ಕಟ್ಟಿಕೊಂಡ ಬೇಲ್ಕೆಯ ಗಂಡ ದಿವಾಳಿಯಾಗುತ್ತಾನೆ. ನಡುವೆ ಹೆಂಡತಿ ಗೋಲ್ಡೆಯೂ ಸಾಯುತ್ತಾಳೆ.

ಇಷ್ಟೆಲ್ಲವನ್ನೂ ಪುಸ್ತಕದಲ್ಲಿ ಹೇಳುವವನು ತೆವ್ಯೆ ಒಬ್ಬನೇ, ಕೇಳುವವನೂ ಒಬ್ಬನೇ, ಲೇಖಕ ಶೋಲೆಮ್ ಅಲೈಖೆಮ್. ದಾರಿಯಲ್ಲಿ ಸಿಕ್ಕಾಗ, ರೈಲಿನಲ್ಲಿ ಸಿಕ್ಕಾಗ ತೆವ್ಯೆ ಗಾಡಿ ನಿಲ್ಲಿಸಿದಂತೆ ಮಾತು ಶುರು ಮಾಡುತ್ತಾನೆ. ಹೆಂಡತಿ, ಮಕ್ಕಳು, ಕಟುಕ, ಪಾದ್ರಿ ಎಲ್ಲರೂ ಅವನ ಬಾಯೊಳಗೇ ಮಾತಾಡುತ್ತಾರೆ. ಅವರೆಲ್ಲ ನಿಜವಾಗಿ ಹಾಗೆ ಆಡಿದರೋ, ಇವನು ಹಾಗೆ ಹೇಳುತ್ತಿದ್ದಾನೋ, ಯಾರಿಗೆ ಗೊತ್ತು? ಖಾವಾಳ ಕಥೆಯ ಕೊನೆಗಂತೂ ಅವನು ಲೇಖಕನಲ್ಲಿ ಬೇಡಿಕೊಳ್ಳುತ್ತಾನೆ: ಇದನ್ನು ಬರೆಯಬೇಡಿ, ಬರೆಯಲೇಬೇಕಾದರೆ ಇನ್ಯಾರದೋ ಕಥೆ ಎಂಬಂತೆ ಬರೆಯಿರಿ, ತೆವ್ಯೆಯ ಹೆಸರು ಬೇಡ. ಆ ಪುಟ ಓದುವಾಗ ಕದ್ದು ಕೇಳಿದ ಪಾಪಪ್ರಜ್ಞೆ ನನಗೆ. ಹೀಗೆ ಒಂದೇ ಕಿವಿಗೆ ಹೇಳಿದ್ದನ್ನು ನೂರಾರು ಕುರ್ಚಿಯ ಮುಂದೆ ಹೇಳಿಸುವುದು ಹೇಗೆ? ತೆವ್ಯೆಯನ್ನು ರಂಗಕ್ಕೆ ತಂದವರೆಲ್ಲ ತಡವರಿಸಿದ್ದು ಇಲ್ಲಿಯೇ ಎಂದು ನನಗೆ ಅನಿಸತೊಡಗಿತು. ಪ್ರತಿ ಬಾರಿಯೂ ಕೇಳುವವರು ಬದಲಾದರು, ಅವರಿಗೆ ತಕ್ಕಂತೆ ಕಥೆಯೂ ಬದಲಾಯಿತು.

ನಮ್ಮಲ್ಲಿ ಸಿ. ಬಸವಲಿಂಗಯ್ಯನವರು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ರಂಗಕ್ಕೆ ತಂದಾಗ ಇಡೀ ರಾತ್ರಿ ಬೇಕಾಯಿತು, ಒಂದು ರಂಗ ಸಾಲದೆ ಪ್ರೇಕ್ಷಕರೇ ಎದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದರು. ಅಲ್ಲಿದ್ದದ್ದು ಸಾವಿರ ಬಾಯಿಯ ಕಾಡು. ಇಲ್ಲಿ ಸಮಸ್ಯೆ ತಿರುಗಾಮುರುಗಾ, ಇರುವುದೇ ಒಂದು ಬಾಯಿ.

ಶೋಲೆಮ್ ಅಲೈಖೆಮನಿಗೆ ನಾಟಕದ ಹುಚ್ಚು ವಿಪರೀತ. 1906ರಲ್ಲಿ ನ್ಯೂಯಾರ್ಕಿಗೆ ಬಂದವನೇ ಇಲ್ಲಿನ ಯಿಡ್ಡಿಷ್ ರಂಗಭೂಮಿಯನ್ನು ಗೆಲ್ಲುವ ಕನಸು ಕಂಡ. 1907ರ ಫೆಬ್ರವರಿ 8ರಂದು, ಒಂದೇ ರಾತ್ರಿ, ಎರಡು ಎದುರಾಳಿ ಕಂಪನಿಗಳಲ್ಲಿ ಅವನ ಎರಡು ನಾಟಕ ತೆರೆಕಂಡವು. ಒಂದು ಅವನದೇ ಹಳೆಯ ಕಾದಂಬರಿ 'ಸ್ಟೆಂಪೆನ್ಯು'ವಿನ ರಂಗರೂಪ, ಊರೂರು ತಿರುಗಿ ಮದುವೆಗಳಲ್ಲಿ ಪಿಟೀಲು ನುಡಿಸುವವನ ಕಥೆ. ಎರಡೂ ಮಕಾಡೆ ಮಲಗಿದವು, ಎರಡು ವಾರದಲ್ಲಿ ತೆರೆ ಬಿತ್ತು. ಅವನು ಯುರೋಪಿಗೆ ಮರಳಿದ. ಮಹಾಯುದ್ಧ ಶುರುವಾದ ಮೇಲೆ ಮತ್ತೆ ಬಂದು 1916ರ ಮೇ ತಿಂಗಳಲ್ಲಿ ಬ್ರಾಂಕ್ಸಿನಲ್ಲಿ ತೀರಿಕೊಂಡ. ನಾಟಕಕ್ಕೆ ಬಾರದ ಜನ ಹೆಣದ ಹಿಂದೆ ಬಂದರು, ಒಂದು ಲಕ್ಷಕ್ಕೂ ಮಿಕ್ಕಿ. ತೆವ್ಯೆಯನ್ನು ಅವನೇ ನಾಟಕವಾಗಿ ಬರೆದಿಟ್ಟಿದ್ದ. ಅದನ್ನು ಶ್ವಾರ್ಟ್ಸ್ ಆಡಿದ್ದು 1919ರಲ್ಲಿ, ಲೇಖಕ ಹೋಗಿ ಮೂರು ವರ್ಷವಾದ ಮೇಲೆ. ಗೆದ್ದಿತು.

ಕ್ವೀನ್ಸಿನ ಮೌಂಟ್ ಕಾರ್ಮೆಲ್ ಸ್ಮಶಾನದಲ್ಲಿ ಅವನ ಸಮಾಧಿ ಹುಡುಕಲು ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಕಲ್ಲುಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ, ನಡುವೆ ಕಾಲಿಡುವಷ್ಟೇ ಜಾಗ. ಸಾಧಾರಣ ಜನರ ನಡುವೆಯೇ ತನ್ನನ್ನು ಹೂಳಬೇಕು ಎಂದು ಉಯಿಲಿನಲ್ಲಿ ಬರೆದಿದ್ದ. ಇನ್ನೂ ಒಂದು ಮಾತು ಅದರಲ್ಲಿದೆ. ತನ್ನ ತಿಥಿಯ ದಿನ ಎಲ್ಲರೂ ಸೇರಿ ತನ್ನ ಕಥೆಗಳಲ್ಲಿ ತುಂಬ ನಗಿಸುವುದನ್ನು ಆರಿಸಿ ಓದಬೇಕು ಎಂದು. ನೂರು ವರ್ಷ ಕಳೆದರೂ ನ್ಯೂಯಾರ್ಕಿನಲ್ಲಿ ಆ ಓದು ನಿಂತಿಲ್ಲ! ಸಮಾಧಿಯ ಮೇಲೆ, ಯೆಹೂದಿಗಳ ಪದ್ಧತಿಯಂತೆ, ಬಂದವರು ಇಟ್ಟುಹೋದ ಬೆಣಚುಕಲ್ಲುಗಳಿದ್ದವು. ನಾನೂ ಒಂದು ಇಟ್ಟೆ.

ಇನ್ನೊಂದು ದಿನ ಗುಗ್ಗನ್‌ಹೈಮ್ ಸಂಗ್ರಹಾಲಯದಲ್ಲಿ ಮಾರ್ಕ್ ಶಗಾಲನ 'ಹಸಿರು ಪಿಟೀಲುಗಾರ'ನ ಮುಂದೆ ನಿಂತೆ. ಆಳೆತ್ತರಕ್ಕಿಂತ ದೊಡ್ಡ ಚಿತ್ರ. ಹಸಿರು ಮುಖದ, ನೇರಳೆ ಕೋಟಿನ ಪಿಟೀಲುಗಾರ ಮನೆಗಳ ಮೇಲೆ ಕಾಲಿಟ್ಟು ನುಡಿಸುತ್ತಿದ್ದಾನೆ. 1964ರ ಬ್ರಾಡ್‌ವೇ ನಾಟಕಕ್ಕೆ 'ಫಿಡ್ಲರ್ ಆನ್ ದ ರೂಫ್', ಅಂದರೆ ಚಾವಣಿಯ ಮೇಲಿನ ಪಿಟೀಲುಗಾರ, ಎಂಬ ಹೆಸರು ಕೊಟ್ಟದ್ದು ಶಗಾಲನ ಇಂಥ ಪಿಟೀಲುಗಾರರೇ. ಶೋಲೆಮ್ ಅಲೈಖೆಮನ ಪುಸ್ತಕದಲ್ಲಿ ಚಾವಣಿಯ ಮೇಲೆ ಯಾವ ಪಿಟೀಲುಗಾರನೂ ಇಲ್ಲ. ಆದರೆ ಶಗಾಲ್ ಈ ಚಿತ್ರದ ಮೊದಲ ರೂಪವನ್ನು ಬಿಡಿಸಿದ್ದು ಎಲ್ಲಿ ಎಂದು ತಿಳಿದಾಗ ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. 1920ರಲ್ಲಿ, ಮಾಸ್ಕೋದ ಯಿಡ್ಡಿಷ್ ರಂಗಮಂದಿರದ ಗೋಡೆಗೆ. ಆ ಮಂದಿರ ಬಾಗಿಲು ತೆರೆದದ್ದು ಯಾರ ನಾಟಕಗಳಿಂದ? ಶೋಲೆಮ್ ಅಲೈಖೆಮನ ಕಿರುನಾಟಕಗಳಿಂದ. ಮಾಸ್ಕೋದಲ್ಲಿ ಅವನ ಪಕ್ಕದ ಗೋಡೆಯಲ್ಲಿದ್ದ ಪಿಟೀಲುಗಾರ ನಲವತ್ತು ವರ್ಷ ಯುರೋಪು ಸುತ್ತಿ ಸಮುದ್ರ ದಾಟಿ ಬಂದು ಅವನ ಕಥೆಯ ಚಾವಣಿ ಹತ್ತಿದ. ಆ ನಾಟಕದ ರಂಗಸಜ್ಜಿಕೆ ಮಾಡಿದ ಬೋರಿಸ್ ಆರನ್‌ಸನ್ ಕೂಡ ಕೀವ್‌ನ ರಬ್ಬಿಯೊಬ್ಬರ ಮಗ, ನ್ಯೂಯಾರ್ಕಿನ ಯಿಡ್ಡಿಷ್ ಕಂಪನಿಗಳಿಗೆ ಪರದೆ ಬರೆದೇ ಕೈ ಪಳಗಿಸಿಕೊಂಡವನು.

1964ರ ಆ ನಾಟಕ ಎಷ್ಟು ಜಾಣತನದ್ದೆಂದು ಮೂಲ ಓದಿದ ಮೇಲೆಯೇ ತಿಳಿಯುವುದು. ಜೋಸೆಫ್ ಸ್ಟೈನ್ ಮಾತು, ಜೆರ್ರಿ ಬಾಕ್ ಸಂಗೀತ, ಶೆಲ್ಡನ್ ಹಾರ್ನಿಕ್ ಹಾಡು, ಜೆರೋಮ್ ರಾಬಿನ್ಸ್ ನಿರ್ದೇಶನ. ಈ ನಾಟಕ ಯಾವುದರ ಬಗ್ಗೆ ಎಂದು ರಾಬಿನ್ಸ್ ಎಲ್ಲರ ತಲೆ ತಿನ್ನುತ್ತಿದ್ದನಂತೆ. ಹಾಲು ಮಾರುವವನ ಹೆಣ್ಣುಮಕ್ಕಳ ಮದುವೆ ಎಂದರೆ ಒಪ್ಪುತ್ತಿರಲಿಲ್ಲ. ಕಡೆಗೆ ಒಂದು ಬದುಕಿನ ರೀತಿಯೇ ಕರಗಿಹೋಗುವುದರ ಬಗ್ಗೆ ಎಂಬ ಉತ್ತರ ಬಂದಾಗ, ಹಾಗಾದರೆ ಮೊದಲು ಆ ರೀತಿಯನ್ನು ತೋರಿಸಿ ಎಂದ. ಸಂಪ್ರದಾಯವನ್ನು ಕುರಿತ ಮೊದಲ ಹಾಡು ಹುಟ್ಟಿದ್ದು ಹಾಗೆ. ಅದರ ಜೊತೆ ಅನಾತೆವ್ಕಾ ಎಂಬ ಊರೂ ಕಟ್ಟಿಕೊಂಡಿತು. ಪುಸ್ತಕದ ತೆವ್ಯೆಗೆ ಊರಿಲ್ಲ. ಅನಾತೆವ್ಕಾ ಪಕ್ಕದೂರು; ಅವನ ಮನೆ ಕ್ರೈಸ್ತ ರೈತರ ಹಳ್ಳಿಯಲ್ಲಿ, ಒಂಟಿ ಯೆಹೂದಿಯಾಗಿ. ಒಂದೇ ಬಾಯಿಯ ಕಥೆಗೆ ರಂಗದ ಮೇಲೆ ಇಡೀ ಊರನ್ನೇ ತಂದು ನಿಲ್ಲಿಸಿದರು.

ತೆವ್ಯೆ ಮಾತುಮಾತಿಗೂ ಶಾಸ್ತ್ರವಾಕ್ಯ ಉದುರಿಸುತ್ತಾನೆ, ಅದನ್ನು ತನಗೆ ಬೇಕಾದ ಹಾಗೆ ತಿರುಚುತ್ತಾನೆ. ಮೂಲ ಬಲ್ಲ ಯಿಡ್ಡಿಷ್ ಓದುಗ ಅಲ್ಲಿಯೇ ನಗುತ್ತಾನೆ. ಬ್ರಾಡ್‌ವೇ ಪ್ರೇಕ್ಷಕನಿಗೆ ಮೂಲ ಎಲ್ಲಿಂದ ಗೊತ್ತು? ಅದಕ್ಕೇ ಸ್ಟೈನ್ ರಂಗದ ಮೇಲೆ ಪಕ್ಕದಲ್ಲಿ ತಿದ್ದುವವನೊಬ್ಬನನ್ನು ನಿಲ್ಲಿಸುತ್ತಾನೆ. ನಗೆ ಉಳಿಯಿತು. ಉಳಿಯದೆ ಹೋದದ್ದೂ ಇದೆ. ನೀರಿಗೆ ಬಿದ್ದ ಶ್ಪ್ರಿಂಟ್ಸೆ ಆ ನಾಟಕದಲ್ಲಿ ಇನ್ನೂ ಎಳೆಯ ಹುಡುಗಿ, ಅಪ್ಪನ ಜೊತೆ ಅಮೆರಿಕಕ್ಕೆ ಹೊರಡುತ್ತಾಳೆ. ಗೋಲ್ಡೆ ಸಾಯುವುದಿಲ್ಲ. 3,242 ಪ್ರದರ್ಶನ ಕಂಡ ನಾಟಕವನ್ನು ದೂರುವುದು ಸುಲಭ. ಆದರೆ ಶ್ಪ್ರಿಂಟ್ಸೆಯ ಸಾವನ್ನು ಬಿಟ್ಟಿದ್ದಕ್ಕೆ ನನ್ನ ತಕರಾರಿದೆ. ಪುಸ್ತಕದಲ್ಲಿ ಅದನ್ನು ಹೇಳುವಾಗ ತೆವ್ಯೆಯ ತಮಾಷೆ ಮೊದಲ ಬಾರಿಗೆ ಅವನ ಕೈಬಿಡುತ್ತದೆ. ಅದನ್ನು ಕಳೆದರೆ ಅವನ ನಗು ತೀರ ಅಗ್ಗವಾಗುತ್ತದೆ.

ನಾಟಕದ ದಿನ ಬೆಳಿಗ್ಗೆ ರೈಲು ಹತ್ತಿ ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗಿಗೆ ಹೋದೆ. ಅಲ್ಲಿ ಇಳಿದರೆ ಅಂಗಡಿ ಬೋರ್ಡು, ಗೋಡೆಯ ಪ್ರಕಟಣೆ, ಹಳದಿ ಶಾಲಾಬಸ್ಸು, ಎಲ್ಲದರ ಮೇಲೂ ಬಲದಿಂದ ಎಡಕ್ಕೆ ಓಡುವ ಅಕ್ಷರ. ಉದ್ದ ಕಪ್ಪು ಕೋಟು, ಕಿವಿಯ ಪಕ್ಕ ಸುರುಳಿಗೂದಲಿನ ಹುಡುಗರು ಸೈಕಲ್ಲಿಗಾಗಿ ಕಿತ್ತಾಡುತ್ತಿದ್ದರು, ಯಿಡ್ಡಿಷಿನಲ್ಲಿ. ತಾಯೊಬ್ಬಳು ಮೂರನೆಯ ಮಹಡಿಯ ಕಿಟಕಿಯಿಂದ ಅವರನ್ನು ಗದರಿಸುತ್ತಿದ್ದಳು, ಅದೂ ಯಿಡ್ಡಿಷಿನಲ್ಲಿ. ಎರಡನೆಯ ಮಹಾಯುದ್ಧಕ್ಕೆ ಮೊದಲು 1 ಕೋಟಿಗೂ ಹೆಚ್ಚು ಜನ ಆಡುತ್ತಿದ್ದ ಭಾಷೆ, ಆಡುವವರನ್ನೇ ಅರ್ಧಕ್ಕರ್ಧ ಸುಟ್ಟುಹಾಕಿದ ಮೇಲೆಯೂ ಇಲ್ಲಿ ಜಗಳವಾಡುತ್ತ, ತರಕಾರಿ ಚೌಕಾಸಿ ಮಾಡುತ್ತ ಓಡಾಡಿಕೊಂಡಿದೆ. ನನಗೆ ಕಣ್ಣು ಕಿವಿ ಎರಡೂ ಸಾಲದಾದವು. ಆದರೆ ಈ ಹಸಿದ್ ಪಂಥದವರು ನಾಟಕಕ್ಕೆ ಕಾಲಿಡುವುದಿಲ್ಲ. ಹೆಂಗಸು ವೇದಿಕೆಯ ಮೇಲೆ ಹಾಡುವುದನ್ನು ಅವರ ಗಂಡಸರು ಕೇಳುವಂತಿಲ್ಲ. ನದಿಯ ಆಚೆ ದಡದಲ್ಲಿ ಅವರ ಭಾಷೆಯ ನಾಟಕ ನಡೆಯುತ್ತಿದೆ. ಅರ್ಥವಾಗುವವರು ಹೋಗುವುದಿಲ್ಲ, ಹೋಗುವವರಿಗೆ ಅರ್ಥವಾಗುವುದಿಲ್ಲ!

ಮ್ಯಾನ್‌ಹಟನ್ನಿನ ತುತ್ತತುದಿಯಲ್ಲಿ, ಹಡ್ಸನ್ ನದಿ ಕಡಲು ಸೇರುವಲ್ಲಿ ಮ್ಯೂಸಿಯಂ ಆಫ್ ಜ್ಯೂಯಿಶ್ ಹೆರಿಟೇಜ್ ಇದೆ. ಆರು ಮೂಲೆಯ ಕಟ್ಟಡ, ಮೆಟ್ಟಿಲುಮೆಟ್ಟಿಲಾಗಿ ಮೇಲೇರುವ ಚಾವಣಿ. ಹಿಂದೆ ನೀರಿಗೆ ಮುಖ ಮಾಡಿದ ತೋಟದಲ್ಲಿ ಆ್ಯಂಡಿ ಗೋಲ್ಡ್ಸ್‌ವರ್ದಿ ಎಂಬ ಶಿಲ್ಪಿ 18 ಹೆಬ್ಬಂಡೆಗಳ ಹೊಟ್ಟೆ ಕೊರೆದು ಓಕ್ ಸಸಿ ನೆಟ್ಟಿದ್ದಾನೆ, ಬಂಡೆಯ ನೆತ್ತಿಯಿಂದ ಮರ ಎದ್ದಿದೆ. ಅಲ್ಲಿ ನಿಂತರೆ ಸ್ವಾತಂತ್ರ್ಯ ದೇವತೆಯ ಪ್ರತಿಮೆ ಕಾಣುತ್ತದೆ, ಅದರ ಈಚೆಗೆ ಎಲ್ಲಿಸ್ ದ್ವೀಪ, ವಲಸಿಗರನ್ನು ಇಳಿಸಿ ಹೆಸರು ಬರೆದುಕೊಳ್ಳುತ್ತಿದ್ದ ಜಾಗ. ನಾಟಕದ ತೆವ್ಯೆ ಕಡೆಯಲ್ಲಿ ಗಾಡಿ ಎಳೆದುಕೊಂಡು ಹೊರಡುವುದು ಈ ನೀರಿನ ಕಡೆಗೇ. ಆಡುತ್ತಿದ್ದುದು 1915ರಿಂದ ಇದೇ ಊರಿನಲ್ಲಿ ನಾಟಕ ನಡೆಸಿಕೊಂಡು ಬಂದಿರುವ ಫೋಕ್ಸ್‌ಬೀನೆ ತಂಡ. ನಿರ್ದೇಶಕ ಜೋಯೆಲ್ ಗ್ರೇ, ಆಗ 86ರ ವಯಸ್ಸು. ಅಪ್ಪ ಯಿಡ್ಡಿಷ್ ಹಾಸ್ಯಗೀತೆಗಳಿಗೆ ಹೆಸರಾದ ಮಿಕಿ ಕಾಟ್ಸ್. ಮಗನಿಗೆ ಆ ಭಾಷೆ ಬರದು. ನಟರಲ್ಲೂ ಹೆಚ್ಚಿನವರಿಗೆ ಬರುತ್ತಿರಲಿಲ್ಲ, ಉಚ್ಚಾರಣೆಯನ್ನು ಉರುಹೊಡೆದು ಕಲಿತರು. ಪಠ್ಯ ಮಾತ್ರ ಹಳೆಯದು. ವಾರ್ಸಾದಲ್ಲಿ ಹುಟ್ಟಿ ಇಸ್ರೇಲಿನ ನಟನಾದ ಶ್ರಾಗಾ ಫ್ರೀಡ್‌ಮನ್ 1960ರ ದಶಕದಲ್ಲಿ ಮಾಡಿದ ಯಿಡ್ಡಿಷ್ ಅನುವಾದ. ಅಲ್ಲಿ ಆಗ ಹೀಬ್ರೂ ಭಾಷೆಯ ಅಬ್ಬರ, ಇದು ಹೆಚ್ಚು ದಿನ ಓಡಲಿಲ್ಲ.

ದೀಪ ಆರಿತು. ವೇದಿಕೆಯಲ್ಲಿ ಏನೂ ಇಲ್ಲ, ಇಳಿಬಿಟ್ಟ ಕಂದು ಹಾಳೆಗಳು, ನಡುವಿನ ಹಾಳೆಯ ಮೇಲೆ ಹೀಬ್ರೂ ಅಕ್ಷರದಲ್ಲಿ ಯೆಹೂದಿ ಧರ್ಮಗ್ರಂಥದ ಹೆಸರು 'ತೋರಾ', ಕೆಲವು ಕುರ್ಚಿ, ಬೆಂಚು. ಎರಡೂ ಪಕ್ಕದಲ್ಲಿ ಇಂಗ್ಲಿಷ್ ಮತ್ತು ರಷ್ಯನ್ ಸಾಲುಗಳು ಮೂಡತೊಡಗಿದವು. ರಷ್ಯನ್ ಏಕೆ ಎಂದುಕೊಂಡೆ. ನನ್ನ ಮುಂದಿನ ಸಾಲಿನ ಮುದುಕಿಯರು ಆ ಬದಿಗೇ ತಿರುಗಿ ಕೂತಾಗ ತಿಳಿಯಿತು. ತೆವ್ಯೆಯನ್ನು ಹೊರಗಟ್ಟಿದ ಜಾರ್ ದೊರೆಯ ಭಾಷೆ ಅವನ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಮನೆಮಾತಾಗಿದೆ, ಅವನ ಮಾತು ಅವರಿಗೆ ತಲುಪಬೇಕಾದರೆ ಅದೇ ಬೇಕು.

ತೆವ್ಯೆಯಾಗಿ ಸ್ಟೀವನ್ ಸ್ಕೈಬೆಲ್. 1964ರ ಜೀರೋ ಮೊಸ್ಟೆಲನಂತೆ ರಂಗವನ್ನು ನುಂಗುವ ನಟನಲ್ಲ. ಮೆಲ್ಲಗೆ, ಬೇಸತ್ತು, ಪಕ್ಕದವನ ಜೊತೆ ಹರಟಿದಂತೆ ದೇವರ ಜೊತೆ ಮಾತಾಡುವವನು. ಮೊದಲ ಹತ್ತು ನಿಮಿಷ ನನ್ನ ಕಣ್ಣು ಅಕ್ಷರದ ಪಟ್ಟಿಗೂ ಅವನ ಮುಖಕ್ಕೂ ಓಡಾಡಿ ದಣಿಯಿತು. ಆಮೇಲೆ ಯಾವಾಗಲೋ ಓದುವುದನ್ನು ಬಿಟ್ಟಿದ್ದೆ. ಸೀಸೆಯನ್ನು ಟೋಪಿಯ ಮೇಲೆ ನಿಲ್ಲಿಸಿಕೊಂಡು ಕುಣಿಯುವ ಮದುವೆಯ ನೃತ್ಯ ಬಂತು. ರಾಬಿನ್ಸ್ ಹಸಿದರ ಮದುವೆಯೊಂದರಲ್ಲಿ ಕಂಡದ್ದನ್ನು ಬೆಳೆಸಿ ಕಟ್ಟಿದ ನೃತ್ಯವದು. ಸಭೆಯೆಲ್ಲ ಉಸಿರು ಹಿಡಿದಿತ್ತು. ಸೀಸೆಗಳು ಬೀಳಲಿಲ್ಲ. ಅದೇ ಮದುವೆಗೆ ಪುಂಡರು ನುಗ್ಗಿದರು, 'ತೋರಾ' ಎಂದು ಬರೆದಿದ್ದ ಆ ದೊಡ್ಡ ಹಾಳೆಯನ್ನು ಪರ್ರನೆ ಹರಿದರು. ಆ ಸದ್ದಿಗೆ ಯಾವ ಅನುವಾದವೂ ಬೇಕಾಗಲಿಲ್ಲ. ಮಧ್ಯಂತರದ ನಂತರ ನೋಡಿದರೆ ಹರಿದ ಹಾಳೆಯನ್ನು ಒರಟೊರಟಾಗಿ ಹೊಲಿದು ಮತ್ತೆ ತೂಗುಹಾಕಿದ್ದರು. ಸಭಾಂಗಣ ಚಿಕ್ಕದು, ಆ ಹೊಲಿಗೆಯ ದಾರ ಎಲ್ಲರಿಗೂ ಕಾಣುತ್ತಿತ್ತು.

ಆಮೇಲೆ ಖಾವಾ ಬಂದಳು. ಪುಸ್ತಕದಲ್ಲಿ ಅವಳು ಕಾಡಿನ ದಾರಿಯಲ್ಲಿ ಅಪ್ಪನ ಗಾಡಿಗೆ ಅಡ್ಡ ನಿಲ್ಲುತ್ತಾಳೆ, ಅವನು ಕುದುರೆಯನ್ನು ಅಟ್ಟಿಕೊಂಡು ಹೋಗುತ್ತಾನೆ, ಹೋಗುತ್ತ ಹೋಗುತ್ತ ತಿರುಗಿ ನೋಡಬೇಕೆನ್ನುವ ಕತ್ತನ್ನು ಹಿಡಿದುಕೊಳ್ಳುತ್ತಾನೆ. ಕೊನೆಯ ಕಥೆಯಲ್ಲಿ ಸರ್ಕಾರ ಅವನನ್ನು ಹಳ್ಳಿಯಿಂದ ಹೊರಗಟ್ಟುವ ದಿನ ಅವಳು ಮರಳಿ ಬರುತ್ತಾಳೆ. ಏನು ಮಾಡಿದೆ ಎಂದು ತೆವ್ಯೆ ಹೇಳುವ ಬದಲು ಲೇಖಕನನ್ನೇ ಕೇಳುತ್ತಾನೆ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು. ಶ್ವಾರ್ಟ್ಸ್ 1939ರಲ್ಲಿ ಲಾಂಗ್ ಐಲ್ಯಾಂಡಿನ ಹೊಲವೊಂದರಲ್ಲಿ ತೆವ್ಯೆಯ ಚಲನಚಿತ್ರ ತೆಗೆಯುತ್ತಿದ್ದಾಗ ಯುರೋಪಿನಲ್ಲಿ ಯುದ್ಧ ಶುರುವಾಗುತ್ತಿತ್ತು. ಆ ಚಿತ್ರದಲ್ಲಿ ಖಾವಾ ಗಂಡನನ್ನೂ ಅವನ ಧರ್ಮವನ್ನೂ ಬಿಟ್ಟು ಅಪ್ಪನ ಮಡಿಲಿಗೆ ಬಂದು ಬೀಳುತ್ತಾಳೆ. ಆ ವರ್ಷ ಆ ಪ್ರೇಕ್ಷಕರಿಗೆ ಬೇರೆ ಮುಕ್ತಾಯ ತೋರಿಸುವ ಧೈರ್ಯ ಯಾರಿಗಿತ್ತು? 1964ರಲ್ಲಿ, ಬೇರೆ ಧರ್ಮದವರನ್ನು ಮದುವೆಯಾಗುವುದು ಮನೆಮನೆಯ ಮಾತಾಗುತ್ತಿದ್ದ ಅಮೆರಿಕದಲ್ಲಿ, ಖಾವಾ ಗಂಡನ ಜೊತೆಗೇ ಬಂದು ವಿದಾಯ ಹೇಳುತ್ತಾಳೆ, ತೆವ್ಯೆ ಅವಳ ಕಡೆ ನೋಡದೆಯೇ ದೇವರು ಕಾಯಲಿ ಎಂಬರ್ಥದ ಒಂದು ಮಾತು ಗೊಣಗುತ್ತಾನೆ. ಯಿಡ್ಡಿಷಿಗೆ ಮರಳಿದ ಈ ನಾಟಕದಲ್ಲೂ ಉಳಿದದ್ದು ಆ ಅಮೆರಿಕನ್ ಮುಕ್ತಾಯವೇ. ಭಾಷೆ ಮನೆಗೆ ಬಂದಿತ್ತು, ಕಥೆ ಬಂದಿರಲಿಲ್ಲ. ಹಾಗೆಂದು ಗೊತ್ತಿದ್ದೂ ಸ್ಕೈಬೆಲ್ ಅದನ್ನು ಗೊಣಗಿದಾಗ ನನ್ನ ಗಂಟಲು ಕಟ್ಟಿತು. ಸುತ್ತ ಮೂಗು ಸೀಟುವ ಸದ್ದು. ಮುಂದಿನ ಸಾಲಿನ ಮುದುಕಿಯರಲ್ಲೊಬ್ಬಳು ನಟನಿಗಿಂತ ಅರೆಕ್ಷಣ ಮುಂಚೆಯೇ ತುಟಿ ಅಲ್ಲಾಡಿಸುತ್ತಿದ್ದಳು. ಅವಳಿಗೆ ಯಾವ ಪಟ್ಟಿಯೂ ಬೇಕಿರಲಿಲ್ಲ.

ಹೊರಗೆ ಕೋಟು ತೆಗೆದುಕೊಳ್ಳುವ ಸಾಲಿನಲ್ಲಿ ನನ್ನ ಹಿಂದೆ ವಯಸ್ಸಾದ ಗಂಡಹೆಂಡಿರ ಜಗಳ ಜೋರಾಗಿತ್ತು.

"ಪುಸ್ತಕದಲ್ಲಿ ಅವಳು ವಾಪಸ್ ಬರ್ತಾಳೆ. ನಮ್ಮಪ್ಪ ಓದಿ ಹೇಳ್ತಿದ್ದರು," ಎಂದರು ಆತ.

"ಬರೋದು ಬೇರೆ, ಇವನು ಒಳಗೆ ಕರೆದನಾ? ಅದನ್ನು ನಿಮ್ಮಪ್ಪ ಹೇಳಿದ್ದರಾ?"

"ಕರೆದೇ ಇರ್ತಾನೆ."

"ನೀವು ಕರೆದಿರಾ?"

ಆತ ಸುಮ್ಮನಾದರು. ಆಕೆ ಬಿಡಲಿಲ್ಲ, ನನ್ನ ತೋಳು ಮುಟ್ಟಿ, "ನೀವು ಹೊರಗಿನವರು, ನೀವೇ ಹೇಳಿ. ತೆವ್ಯೆ ಏನು ಮಾಡಬೇಕಿತ್ತು?" ಎಂದರು.

ಬಾಗಿಲು ತೆರೆಯಬೇಕಿತ್ತು ಎಂದೆ.

"ಹೆಣ್ಣುಮಕ್ಕಳಿದ್ದಾರಾ?" ಎಂದು ಆತ ಕೇಳಿದರು.

"ಒಬ್ಬಳು."

"ವಯಸ್ಸು?"

"ಹನ್ನೆರಡು."

"ಹಾಗಾದರೆ ಇನ್ನೊಂದು ಹತ್ತು ವರ್ಷ ಬಿಟ್ಟು ಹೇಳಿ," ಎಂದು ಆತ ಹೆಂಡತಿಯ ಕೋಟನ್ನು ಕೌಂಟರಿನಿಂದ ಎತ್ತಿಕೊಂಡರು.